ನಂದೀಶ್ವರಯ್ಯನವರ ಅಡಿಗೆಮನೆಗೆ ಕಿಟಕಿ ಬಂದದ್ದು

ಕೊರಟಗೆರೆಯವರ ಕೇಸರಿಬಾತಿನ ಮೇಲೆ ಒಂದೆಳೆ ಇಲ್ಲಣ ಬಿದ್ದದ್ದೇ ಎಲ್ಲಕ್ಕೂ ಮೂಲ.

ಅವರು ಹೆಣ್ಣು ನೋಡಲು ಬಂದಿದ್ದವರು. ಹುಡುಗನ ಸೋದರತ್ತೆ ನೀರು ಕುಡಿಯುವ ನೆಪ ಹೇಳಿ ತಟ್ಟೆಯ ಸಮೇತ ಅಡಿಗೆಮನೆಗೆ ಹೋದರು. ಎಲ್ಲ ಸೋದರತ್ತೆಯರೂ ಹೋಗುತ್ತಾರೆ. ಹೆಣ್ಣನ್ನು ನಡುಮನೆಯಲ್ಲಿ ತೋರಿಸುವುದು ಗಂಡಸರ ಸಮಾಧಾನಕ್ಕೆ. ಹೆಂಗಸರು ನೋಡುವುದು ಒಲೆಯನ್ನು. ತಲೆಮಾರಿನ ಹೊಗೆ ಕುಡಿದು ಕೊಬ್ಬಿದ್ದ ಸೂರಿನಿಂದ ಮಸಿಯ ಎಳೆಯೊಂದು ಉಯ್ಯಾಲೆಯಾಡುತ್ತ ಇಳಿದು ಗೋಡಂಬಿಯ ಪಕ್ಕದಲ್ಲೇ ಕುಳಿತಿತು. ಆಕೆ ತಟ್ಟೆ ಕೆಳಗಿಟ್ಟು, ಸೆರಗು ಕೊಡವಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದರು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಸಿರಾದ ಕಡಲೆಕಾಯಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದ ನಂದೀಶ್ವರಯ್ಯನವರಿಗೆ ಇದು ಹೊಸದಲ್ಲ. ಹೆಂಡತಿ ತೀರಿಕೊಂಡಾಗ ಮಗಳು ಸರ್ವಮಂಗಳಾ ಊದುಗೊಳವೆ ಕೈಗೆ ತೆಗೆದುಕೊಂಡಳು. ಕೆಳಗಿಡುವ ಹೊತ್ತು ಬರಲೇ ಇಲ್ಲ. ಬಂದವರೆಲ್ಲ "ಹೇಳಿ ಕಳಿಸ್ತೀವಿ" ಎಂದು ಹೋದರು, ಯಾರೂ ಹೇಳಿ ಕಳಿಸಲಿಲ್ಲ. ಸಂಬಂಧ ಹುಡುಕುತ್ತಿದ್ದ ಪಕ್ಕದ ಮನೆಯ ಶಂಕರಲಿಂಗಪ್ಪನವರ ಬಾಯಲ್ಲಿ ಹುಡುಗಿಯ ವಯಸ್ಸು ಆಣೆ ಹೋಗಿ ಹೊಸ ಪೈಸೆ ಬರುವುದಕ್ಕೆ ಮೊದಲಿನಿಂದಲೂ ಇಪ್ಪತ್ತೆರಡರಲ್ಲೇ ನಿಂತಿತ್ತು. ಶಂಕರಲಿಂಗಪ್ಪನವರು ತಾಲ್ಲೂಕು ಕಚೇರಿಯಿಂದ ನಿವೃತ್ತರಾದ ಮೇಲೆ ನೆರೆಹೊರೆಯ ಮನೆಗಳನ್ನೇ ಕಚೇರಿ ಮಾಡಿಕೊಂಡಿದ್ದವರು.

"ಪಾವಗಡದ ಸಂಬಂಧ ಕಣಯ್ಯ," ಎಂದರು ಶಂಕರಲಿಂಗಪ್ಪ, ಒಂದು ಭಾನುವಾರ ಬೆಳಿಗ್ಗೆ. "ಹುಡುಗಂದು ಬಟ್ಟೆ ಅಂಗಡಿ. ತಾಯಿ ಕೊಲ್ಲಾಪುರಮ್ಮ ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ಮುಂದಿನ ತಿಂಗ್ಳು ಬತ್ತಾರೆ. ಈ ಸಲನೂ ಇಲ್ಲಣ ಉದುರಿಸ್ಬ್ಯಾಡ."

"ಸುಣ್ಣ ಹೊಡೆಸ್ಬುಡ್ತೀನಿ."

"ಸುಣ್ಣ! ಎಮ್ಮೆಗೆ ಪೌಡರ್ ಬಳ್ದಂಗೆ. ಎಂಟು ದಿನಕ್ಕೆ ಮಸಿ ಈಚೆಗೆ ಬಂದು ನಗ್ತದೆ."

ಗಾರೆ ಕೆಲಸದ ಇಮಾಮ್ ಸಾಬ್ ಬಂದ. ಒಲೆ ಉರಿಯುತ್ತಿರುವಾಗ ಹೊರಗಿನವರು ಒಳಗೆ ಕಾಲಿಡುವಂತಿರಲಿಲ್ಲ. ಹೊಸ್ತಿಲಾಚೆಯಿಂದಲೇ ಕತ್ತು ಚಾಚಿ ನೋಡಿದ. ಬಹಳ ಹೊತ್ತು ನೋಡಿದ.

"ಸಾಮಿ, ಒಳಗೆ ಗೋಡೆ ಐತೆ ಅಂತ ನೀವು ಹೇಳಿದ್ರೆ ನಂಬ್ತೀನಿ. ನಂಗೆ ಬಿಲ್ಕುಲ್ ಏನೂ ಕಾಣಾಕಿಲ್ಲ. ಮೊದ್ಲು ಒಂದು ಕಿಟಕಿ ಇಡಾಣ. ಆಮ್ಯಾಕೆ ಇನ್ನೇನೇನ್ ಮಾಡ್ಬೇಕು ಅಂತ ತಾನಾಗೇ ಕಾಣ್ತದೆ."

"ಕಿಟಕಿ ಇಟ್ಟು ಹೊಗೆಗೂಡು ಬುಟ್ರೆ ಏನ್ ಬಂತು?" ಎಂದರು ಶಂಕರಲಿಂಗಪ್ಪ. "ಹೊಗೆ ಕಿಟಕೀಲಿ ಬಂದು ನಮ್ಮನೆ ದೇವರ ಗೂಡಿಗೆ ಹೋಗ್ತದೆ."

ಅಷ್ಟರಲ್ಲಿ ಎದುರುಮನೆ ಬಸವಮ್ಮ ಮೊರ ಹಿಡಿದುಕೊಂಡೇ ಬಂದಳು. ಬೀದಿಯ ಯಾವ ಮನೆಯಲ್ಲಿ ಮಾತು ಮೂರು ಜನರನ್ನು ದಾಟಿದರೂ ನಾಲ್ಕನೆಯವಳು ಬಸವಮ್ಮನೇ.

"ತುಮಕೂರಲ್ಲಿ ನಮ್ಮಣ್ಣನ ಮನೇಲಿ ನಿಂತ್ಕಂಡೇ ಅಡಿಗೆ ಮಾಡ್ತಾರೆ ಕಣಣ್ಣ. ಸೊಂಟದೆತ್ತರ ಕಟ್ಟೆ, ಅದರ ಮ್ಯಾಲೆ ಒಲೆ, ಸುತ್ತ ಕಡಪಕಲ್ಲು. ಮಖ ನೋಡ್ಕಂಡು ತಲೆ ಬಾಚ್ಕಬೌದು, ಅಂಗೆ ಹೊಳೀತದೆ."

"ನಿಂತ್ಕಂಡು ಅಡಿಗೆ ಮಾಡಾಕೆ ಇದೇನು ಹೋಟ್ಲೇನಮ್ಮ?" ಎಂದರು ನಂದೀಶ್ವರಯ್ಯನವರು.

"ಹೋಟ್ಲಿಗೆ ಬಂದೋರು ತಿರುಗಿ ಬತ್ತಾರಣ್ಣ. ನಿಮ್ಮನೆಗೆ ಬಂದೋರು ಒಬ್ರಾದ್ರೂ ತಿರುಗಿ ಬಂದವ್ರಾ?"

ಬಸವಮ್ಮ ನಾಲಿಗೆ ಕಚ್ಚಿಕೊಂಡು ಮೊರದಲ್ಲಿ ಇಲ್ಲದ ಕಲ್ಲು ಹುಡುಕತೊಡಗಿದಳು. ಒಳಗಿನಿಂದ ಊದುಗೊಳವೆಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ದುಡ್ಡಿರಲಿಲ್ಲವೆಂದಲ್ಲ. ಹೆಂಡತಿಯ ಟ್ರಂಕಿನ ತಳದಲ್ಲಿ ಮಗಳ ಮದುವೆಗೆಂದು ಇಟ್ಟದ್ದಿತ್ತು. ಅದನ್ನು ಅಡಿಗೆಮನೆಗೆ ಸುರಿದರೆ ಮದುವೆ ಗೊತ್ತಾಗುತ್ತದೆ, ಮಾಡಲು ಕಾಸಿರುವುದಿಲ್ಲ. ಸುರಿಯದಿದ್ದರೆ ಕಾಸಿರುತ್ತದೆ, ಮದುವೆ ಇರುವುದಿಲ್ಲ. ಮಂಡಿಯಲ್ಲಿ ಎಂಥೆಂಥ ಲೆಕ್ಕ ಬಿಡಿಸಿದ್ದ ನಂದೀಶ್ವರಯ್ಯನವರು ಈ ಲೆಕ್ಕದ ಮುಂದೆ ಜಗಲಿಯ ಮೇಲೆ ಕುಕ್ಕರುಗಾಲಲ್ಲಿ ಕೂತರು. ಸುಣ್ಣ ಮಾತ್ರವೋ, ಸುಣ್ಣ ಮತ್ತು ಕಿಟಕಿಯೋ, ಹೊಗೆಗೂಡಿಗೆ ನಿಲ್ಲಿಸುವುದೋ, ಕಡಪಕಲ್ಲಿನವರೆಗೂ ಹೋಗುವುದೋ. ಮಧ್ಯಾಹ್ನದ ಊಟವೂ ಅಲ್ಲೇ ಆಯಿತು. ಸಲಹೆ ಕೊಟ್ಟವರದೂ ಅಲ್ಲೇ ಆಯಿತು.

ಕೊನೆಗೆ, ಎಲ್ಲರನ್ನೂ ಕೇಳಿ ಮುಗಿದ ಮೇಲೆ, ಮಗಳನ್ನು ಕೇಳಿದರು.

"ಸುಣ್ಣ ಸಾಕು ಕಣಪ್ಪ," ಎಂದಳು ಸರ್ವಮಂಗಳಾ. "ನಂಗೆ ಕತ್ಲಲ್ಲೇ ಕೈ ಓಡ್ತದೆ. ಯಾವ ಡಬ್ಬಿ ಎಲ್ಲದೆ ಅಂತ ಕಣ್ಣು ಮುಚ್ಕಂಡು ಹೇಳ್ತೀನಿ."

"ಕೇಳ್ದಾ ಅಣ್ಣ?" ಬಸವಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ಇಂಥಾ ಮಗೀಗೆ ಕಡಪಕಲ್ಲು ಹಾಕ್ಸಾಕೆ ಹಿಂದೆ ಮುಂದೆ ನೋಡ್ತೀಯಲ್ಲ, ನಿನ್ ಎದೆ ಏನು ಕಡಪಕಲ್ಲಾ?"

ಸಂಜೆಗೆ ಟ್ರಂಕು ಬಾಯಿ ತೆರೆಯಿತು.

ಕೆಲಸ ನಡೆದಷ್ಟು ದಿನವೂ ಸರ್ವಮಂಗಳಾ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಗಾಳಿಗೆ ಗೋಣಿ ಅಡ್ಡ ಹಿಡಿದು ಬೇಯಿಸಿದಳು. ಇಮಾಮ್ ಸಾಬ್ ಕೆಲಸಗಾರನೇ. ಗಾರೆ ಕನ್ನಡಿಯಂತೆ ತಿಕ್ಕಿದ. ಪಾವಗಡದವರು ಬರುವ ಮುನ್ನಾದಿನ ಕೆಲಸ ಮುಗಿಯಿತು. ಬಸವಮ್ಮ ಬಂದು ನೋಡಿದವಳೇ ಹಣೆ ಹಣೆ ಬಡಿದುಕೊಂಡಳು.

"ಅಯ್ಯೋ, ಮದುವಣಗಿತ್ತಿ ಇದ್ದಂಗದಲ್ಲಣ್ಣ! ನೋಡ್ದೋರು ಏನಂತಾರೆ? ಹೆಣ್ಣು ದಾಟ್ಸಾಕೆ ನಾಟಕದ ಪರದೆ ಕಟ್ಟವ್ರೆ ಅನ್ನಾಕಿಲ್ವಾ?"

ನಿಜವೆನ್ನಿಸಿತು. ಕೂಡಲೇ ಅಡಿಗೆಮನೆಗೆ ವಯಸ್ಸು ತರುವ ಕೆಲಸ ಶುರುವಾಯಿತು. ಬಸವಮ್ಮ ಕಟ್ಟೆಯ ಅಂಚಿಗೆ ಎಣ್ಣೆ ಅರಿಶಿನ ತಿಕ್ಕಿದಳು. ಶಂಕರಲಿಂಗಪ್ಪ ಒಂದು ಹಳೆಯ ಕ್ಯಾಲೆಂಡರ್ ತಂದು ಹೊಗೆಗೂಡಿನ ಪಕ್ಕಕ್ಕೆ ಮೊಳೆ ಹೊಡೆದರು.

ಕೊಲ್ಲಾಪುರಮ್ಮ ಬಂದರು. ದೊಡ್ಡ ಕುಂಕುಮದ, ತೆಲುಗು ಬೆರೆತ ಮೆತ್ತನೆಯ ಮಾತಿನ ಹೆಂಗಸು. ನೀರಿನ ನೆಪವನ್ನೂ ಹೇಳದೆ ನೇರ ಅಡಿಗೆಮನೆಗೆ ನಡೆದರು. ಕಡಪಕಲ್ಲಿನ ಮೇಲೆ ಅಂಗೈ ಆಡಿಸಿದರು. ಕಿಟಕಿಯ ಮುಂದೆ ಸುಮ್ಮನೆ ನಿಂತರು.

"ಎಷ್ಟು ಬೆಳಕು! ಯಾವಾಗಿಂದ ಇಂಗೈತೆ ತಲ್ಲಿ?"

ಸರ್ವಮಂಗಳಾ ಬಾಯಿ ತೆರೆಯುವಷ್ಟರಲ್ಲಿ ಬಸವಮ್ಮ ಮುಂದೆ ಬಂದಳು. "ಯಾವಾಗಿಂದ ಅಂದ್ರೆ? ಈ ಮಗು ಅಂಬೆಗಾಲಿಕ್ಕಿದ್ದೇ ಇದರ ಬುಡದಾಗೆ! ಹೊಗೆ ಅಂದ್ರೆ ಕೆಂಪಗಿರ್ತದಾ ಕರ್ರಗಿರ್ತದಾ ಅಂತ ಇವ್ಳಿಗೆ ಗೊತ್ತಿಲ್ಲ ಕಣಮ್ಮ."

"ಈ ಬೀದಿಗೇ ಮೊದಲ್ನೇ ಕಟ್ಟೆ ಒಲೆ," ಎಂದು ನಡುಮನೆಯಿಂದ ಶಂಕರಲಿಂಗಪ್ಪ ಕೂಗಿದರು. "ನಾನೇ ಸಾಕ್ಷಿ!"

ಕೊಲ್ಲಾಪುರಮ್ಮ ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡರು. ಹುಡುಗಿಯ ಗಲ್ಲ ಹಿಡಿದು ನೋಡಿದರು. ತಮ್ಮ ಮುಡಿಯಿಂದ ಕನಕಾಂಬರ ತುಂಡರಿಸಿ ಅವಳಿಗೆ ಮುಡಿಸಿದರು. ಬಸವಮ್ಮ ನಂದೀಶ್ವರಯ್ಯನವರ ಕಡೆ ನೋಡಿ ಕಣ್ಣು ಮಿಟುಕಿಸಿದಳು. ನಂದೀಶ್ವರಯ್ಯನವರು ಖಾಲಿ ಟ್ರಂಕನ್ನು ನೆನೆದು ಯಾರ ಹತ್ತಿರ ಸಾಲ ಕೇಳುವುದೆಂದು ಸಂತೋಷವಾಗಿ ಯೋಚಿಸತೊಡಗಿದರು.

ಚಾಪೆಯ ಮೇಲೆ ಬಂದು ಕೂತ ಕೊಲ್ಲಾಪುರಮ್ಮನ ಕಣ್ಣು ಒದ್ದೆಯಾಗಿತ್ತು.

"ಅಯ್ಯಾ, ಹುಡುಗಿ ಬಂಗಾರು. ಇಂಥಾ ಸೊಸೆ ನಂಗೆ ಇನ್ನೆಲ್ಲಿ ಸಿಕ್ತಾಳೆ? ಆದ್ರೆ ಆ ಪಾಪ ನಾನು ಕಟ್ಕಳಾಕಿಲ್ಲ."

"ಪಾಪವೇ?"

"ನಮ್ಮನೆಗೆ ಮೂರು ಕಡೆನೂ ಅಂಗಡಿ ಗೋಡೆ. ಅಡಿಗೆಮನೆಗೆ ಕಿಟಕಿ ಇಡಾಣ ಅಂದ್ರೂ ಜಾಗ ಇಲ್ಲ. ಹಗಲೊತ್ತೂ ಬುಡ್ಡಿ ಹಚ್ಬೇಕು. ನಾನೂ ಗಾಳಿ ಬೆಳಕಿನ ಬಯಲ ಮನೆಯಾಗೆ ಬೆಳೆದೋಳೇ. ಅಲ್ಲಿಗೆ ಬಂದು ಕೆಮ್ಮಿ ಕೆಮ್ಮಿ ಸಾಯಂಗಾಗಿದ್ದೆ. ಈಗ ನೋಡಿ, ಒಂದು ಕಣ್ಣು ಮಸಕು. ಹೊಗೇಲಿ ಬೆಳೆದ ಹುಡುಗಿ ಆಗಿದ್ರೆ ಹೂವ ಮುಡಿಸಿದ ಕೈಲೇ ಮಾತು ಮುಗಿಸ್ತಿದ್ದೆ. ಇಂಥಾ ಬೆಳಕಲ್ಲಿ ಆಡಿದ ಮಗೂನ ಆ ಗವಿಗೆ ತಳ್ಳಾಕೆ ಮನಸು ಬರಾಕಿಲ್ಲ."

ನಂದೀಶ್ವರಯ್ಯನವರು ಎದ್ದೇ ನಿಂತರು. "ತಾಯೀ! ಇವ್ಳು ಹೊಗೇಲೇ ಬೆಳೆದೋಳು! ಇದೆಲ್ಲ ಈ ತಿಂಗ್ಳು ಕಟ್ಸಿದ್ದು! ಮುಟ್ಟಿ ನೋಡಿ, ಸುಣ್ಣ ಇನ್ನೂ ಕೈಗಂಟ್ತದೆ!"

"ಸುಣ್ಣ ಎಲ್ಲಾರೂ ಹೊಡೆಸ್ತಾರೆ ಅಯ್ಯಾ."

"ಬಸವಮ್ಮ, ಹೇಳಮ್ಮ!"

ಬಸವಮ್ಮ ತೊಲೆ ಎಣಿಸುತ್ತಿದ್ದಳು. ಶಂಕರಲಿಂಗಪ್ಪನವರು ಒಮ್ಮೆ ಕೊಟ್ಟ ಸಾಕ್ಷಿಯನ್ನು ಹಿಂದಕ್ಕೆ ತೆಗೆದುಕೊಂಡು ಅಭ್ಯಾಸವಿದ್ದವರಲ್ಲ. ನಶ್ಯ ಏರಿಸಿ, "ಅದೇನು... ಆಗಾಗ ರಿಪೇರಿ ಮಾಡಿಸ್ತಿರ್ತಾರೆ," ಎಂದರು.

"ನಿಜ ಅಮ್ಮ, ನಂಗೆ ಹೊಗೆ ಅಭ್ಯಾಸ," ಎಂದಳು ಸರ್ವಮಂಗಳಾ, ಬಾಗಿಲ ಮರೆಯಿಂದ, ಅಷ್ಟು ಜನರ ಮುಂದೆ, ತಲೆ ತಗ್ಗಿಸಿ.

ಕೊಲ್ಲಾಪುರಮ್ಮ ಅವಳ ಬೆನ್ನು ಸವರಿದರು. "ಅಪ್ಪನ ಮಾತು ಕೆಳಗೆ ಬೀಳಬಾರ್ದು ಅಂತ ಹೇಳ್ತೀಯ. ನಮ್ಮಪ್ಪನೂ ಇಂಗೇ ಹೇಳಿದ್ದ ತಲ್ಲಿ, ನಮ್ಮುಡುಗೀಗೆ ಹೊಗೆ ಅಭ್ಯಾಸ ಅಂತ. ನಾನೂ ಹೂಂ ಅಂದಿದ್ದೆ."

ಈ ಸಲ ಬಸ್ಸಿಗೆ ನಿಜವಾಗಿಯೂ ಹೊತ್ತಾಗಿತ್ತು.

ನೆರೆಯವರು ಒಬ್ಬೊಬ್ಬರಾಗಿ, ಸಾವಿನ ಮನೆಯಿಂದ ಹೋಗುವವರಂತೆ ಹೇಳದೆಯೇ ಹೋದರು. ನಂದೀಶ್ವರಯ್ಯನವರು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತರು. ಸರ್ವಮಂಗಳಾ ಒಲೆ ಹೊತ್ತಿಸಿದಳು. ಹೊಗೆ, ಹೇಳಿದ ಮಾತು ಕೇಳುವ ಮಗುವಿನಂತೆ, ನೆಟ್ಟಗೆ ಮೇಲೆ ಹೋಯಿತು.

"ಮುದ್ದೆ ತೊಳಸ್ಲಾ ಅಪ್ಪ, ಅನ್ನ ಇಡ್ಲಾ?"

ಅವರು ತಲೆಯೆತ್ತಿ ಮಗಳ ಕಡೆ ನೋಡಿದರು. ಇಷ್ಟು ವರ್ಷ ಆ ಕತ್ತಲೆಯಲ್ಲಿ ಅವರಿಗೆ ಕಂಡದ್ದು ಬಳೆಯ ಸದ್ದು ಮತ್ತು ಹೊರಗೆ ಬರುವ ತಟ್ಟೆ. ಈಗ ಪಡುವಣ ಬಿಸಿಲು ಕಿಟಕಿಯಿಂದ ಬಂದು, ನಿಂತು ಅಡಿಗೆ ಮಾಡುತ್ತಿದ್ದ ಮಗಳ ತಲೆಯ ಮೇಲೆ ಬಿದ್ದಿತ್ತು. ಕನಕಾಂಬರದ ಮೇಲುಗಡೆ, ಬೈತಲೆಯ ಎರಡೂ ಪಕ್ಕಕ್ಕೆ, ಕೂದಲು ಬೆಳ್ಳಗಾಗಿತ್ತು. ಒಂದೆರಡಲ್ಲ.

ನಂದೀಶ್ವರಯ್ಯನವರು ಕಣ್ಣು ಬೇರೆ ಕಡೆ ಹೊರಳಿಸಿದರು. ಕಿಟಕಿಯನ್ನು ಮತ್ತೆ ಮುಚ್ಚಿಸಿಬಿಡಲು ಇಮಾಮ್ ಸಾಬ್ ಎಷ್ಟು ಕೇಳಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದರು.