ಗುದ್ದಲಿಗೆ ಸ್ನಾನ ಮಾಡಿಸಿದ ಮೇಲೆ

ಕೊಳೆಯನ್ನು ಸಹಿಸದ ಮನುಷ್ಯ ಹಳೆಯ ವಸ್ತುಗಳನ್ನು ಕೂಡಿಡುವ ಹವ್ಯಾಸಕ್ಕೆ ಕೈಹಾಕಬಾರದು. ದುರದೃಷ್ಟವಶಾತ್ ನನ್ನಲ್ಲಿ ಈ ಎರಡು ಚಟಗಳೂ ಒಟ್ಟಿಗೆ ಸಂಸಾರ ಮಾಡುತ್ತಿವೆ. ಬೌರಿಂಗ್‌ಪೇಟೆಯ ಶಾಲೆಯಲ್ಲಿ ಮೇಷ್ಟರಾಗಿದ್ದಷ್ಟು ಕಾಲವೂ, ಪ್ರಾರ್ಥನೆ ಮುಗಿದೊಡನೆ ಮಕ್ಕಳ ಅಂಗೈಗಳನ್ನು ಪರೀಕ್ಷಿಸಿ, ಕೊಳೆಯಿದ್ದವರನ್ನು ಬಾವಿಕಟ್ಟೆಗೆ ಅಟ್ಟುತ್ತಿದ್ದೆ. ನಿವೃತ್ತನಾದ ಮೇಲೆ ಪರೀಕ್ಷಿಸಲು ಅಂಗೈಗಳಿಲ್ಲದೆ, ಹಳೆಯ ಚೂರಿ, ಉಳಿ, ಕೈಗಂಟೆಗಳ ಮರದ ಹಿಡಿಗಳನ್ನು ಒರೆಸುತ್ತಾ ಕಾಲ ಕಳೆಯುತ್ತಿದ್ದೇನೆ.

ಈ ಸಂಗ್ರಹಕ್ಕೆ ಕಿರೀಟಪ್ರಾಯವಾಗಿ ಬಂದದ್ದು ಬೇತಮಂಗಲದ ರೈತ ಮುನಿವೆಂಕಟಪ್ಪನ ಗುದ್ದಲಿ. ಊರಿಗಾಂನಲ್ಲಿ ಚಿನ್ನದ ಗಣಿಗೆ ಮೊದಮೊದಲು ನೆಲ ಅಗೆದಾಗ ಅವನ ತಾತ ಹಿಡಿದಿದ್ದ ಗುದ್ದಲಿ ಅದು. ಆಯುಧಪೂಜೆಯಂದು ಆ ಮನೆಯಲ್ಲಿ ನೇಗಿಲಿಗಿಂತ ಮೊದಲು ಅದಕ್ಕೇ ಕುಂಕುಮ. ನಾನು ನಾಲ್ಕು ಸಲ ಅಂಗಲಾಚಿದ ಮೇಲೆ, "ಅಬ್ಬಕ್ ವಾಪಸ್ ಬರ್ಬೇಕು ಮೇಷ್ಟ್ರೇ. ಎಂಗೈತೋ ಅಂಗೇ" ಎಂದು ಕೊಟ್ಟಿದ್ದ.

ಹಬ್ಬಕ್ಕೆ ಎಂಟು ದಿನವಿರುವಾಗ ಗುದ್ದಲಿಯ ಮರದ ಕಾವಿನ ಕೆಳಗೆ ಹಿಟ್ಟಿನಂಥ ಪುಡಿ ಕಂಡಿತು. ಹುಳು! ಹಬ್ಬದ ದಿನ ಪೂಜೆಗೆ ಬರಿಯ ಕಬ್ಬಿಣ ಉಳಿದರೆ ಆ ಮನೆಯವರಿಗೆ ಏನೆಂದು ಹೇಳುವುದು? ತೂತು ತೂತಿಗೂ ಬೇವಿನೆಣ್ಣೆ ಬಿಟ್ಟೆ. ಪುಡಿ ಉದುರುವುದು ನಿಂತಿತು. ಬುದ್ಧಿಯುಳ್ಳವನು ಅಲ್ಲಿಗೆ ಬಿಡುತ್ತಿದ್ದ. ಆದರೆ ಕಾವಿನ ನಡುವೆ ಕರ್ರನೆಯ ಜಿಡ್ಡು ಕಣ್ಣಿಗೆ ಬಿತ್ತಲ್ಲ! ಸೀಗೆಪುಡಿಯಿಂದ ತೊಳೆದು, ನೆರಳಲ್ಲಿ ಒಣಗಿಸಿ, ಗಾಜಿನ ಚೂರಿನಿಂದ ಎರಡು ದಿನ ಹೆರೆದು, ಮತ್ತೆ ಎಣ್ಣೆ ತಿಕ್ಕಿದೆ. ಕಾವು ಹೊಸ ಮದುಮಗನಂತೆ ಹೊಳೆಯಿತು.

ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು. "ಅಲ್ಲಾ ರೀ, ಅಬ್ಬಕ್ ಮುಂಚೇನೇ ಇದಕ್ಕೂ ಎಣ್ಣೆನೀರ್ ಆಯ್ತಾ? ಆಯಪ್ಪ ಕೊಟ್ಟಾಗ ಕರ್ರಗಿತ್ತಲ್ಲ!"

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಎಂಗೈತೋ ಅಂಗೇ! ಕಾಫಿ ಡಿಕಾಕ್ಷನ್ ಸವರಿದೆ. ಎಣ್ಣೆ ಕುಡಿದ ಮರ ಅದನ್ನು ಒಲ್ಲೆನೆಂದಿತು. ಕೊನೆಗೆ, ಹೇಳಲು ನಾಚಿಕೆಯಾಗುತ್ತದೆ, ಹೆಂಡತಿಯ ಕಾಡಿಗೆ ಬಳಿದೆ.

ಹಬ್ಬದ ಮುನ್ನಾದಿನ ಬಂದ ಮುನಿವೆಂಕಟಪ್ಪ ಗುದ್ದಲಿ ಹಿಡಿದ. ತನ್ನ ಅಂಗೈಗೆ ಅಂಟಿದ ಕಾಡಿಗೆಯನ್ನು ನೋಡಿದ. ಪಂಚೆಯ ತುದಿಯಿಂದ ಕಾವನ್ನು ಒರೆಸಿದ.

"ಸಂತೇಗ್ ಮಾರಾಕ್ ಇಟ್ಟಂಗೈತೆ."

"ಕೊಳೆಯಾಗಿತ್ತು, ಮುನಿವೆಂಕಟಪ್ಪ..."

"ಕೊಳೆ ಅಲ್ಲ ಮೇಷ್ಟ್ರೇ, ಅದು ನಮ್ ತಾತನ್ ಕೈ. ಆಮ್ಯಾಲೆ ನಮ್ಮಪ್ಪಂದು. ಆ ಕೈ ಎಲ್ಲೋಯ್ತು?"

ಉತ್ತರ ಗಾಜಿನ ಚೂರಿನೊಡನೆ ತಿಪ್ಪೆ ಸೇರಿತ್ತು. ಅವನು ಗುದ್ದಲಿಯನ್ನು ಹೆಗಲಿಗೇರಿಸಿ, "ನಾಳೆ ಪೂಜೆ ಆಗ್ಲಿ. ಮಾರ್ನೇ ದಿನ ತಂದ್ಬುಡ್ತೀನಿ. ಆ ಕೈ ತೆಗ್ದೋರೇ ಅಗ್ದು ವಾಪಸ್ ಬರ್ಸಿ" ಎಂದ.

ಮಾತಿನಂತೆ ತಂದೂಬಿಟ್ಟ. ಸೀಮೆಸುಣ್ಣಕ್ಕಿಂತ ಭಾರವಾದುದನ್ನು ಹಿಡಿದರಿಯದ ನಾನು ಈಗ ದಿನವೂ ಬೆಳಿಗ್ಗೆ ಅದೇ ಗುದ್ದಲಿಯಿಂದ ಹಿತ್ತಲು ಅಗೆಯುತ್ತಿದ್ದೇನೆ. ಬೆವರು ಧಾರಾಳವಾಗಿದೆ, ಕಾವು ಮಾತ್ರ ಇನ್ನೂ ತಿಳಿ ಕಂದು. ಮುನಿವೆಂಕಟಪ್ಪ ಪ್ರತಿ ಸಂತೆಗೂ ಬಂದು, ಕಾವನ್ನು ತಿರುಗಿಸಿ ತಿರುಗಿಸಿ ನೋಡಿ, "ಕೈ ತೋರ್ಸಿ ಮೇಷ್ಟ್ರೇ" ಎನ್ನುತ್ತಾನೆ. ನಾನು ಎರಡೂ ಅಂಗೈ ಚಾಚಿ ನಿಲ್ಲುತ್ತೇನೆ. ಹೋದ ವಾರ ಅಭ್ಯಾಸಬಲದಿಂದ ಸೋಪು ಹಚ್ಚಿ ತೊಳೆದುಕೊಂಡು ಬಂದಿದ್ದೆ.

"ಏನ್ ಮೇಷ್ಟ್ರೇ, ಇಷ್ಟ್ ಬೆಳ್ಳಗವೆ! ನಡೀರಿ, ಇನ್ನೊಂದ್ ಸಾಲು ಅಗೀರಿ" ಎಂದು ಹಿತ್ತಲಿಗೆ ಅಟ್ಟಿದ.

ಕೈ ಶುಚಿಯಾಗಿದ್ದುದಕ್ಕೆ ಶಿಕ್ಷೆ ಅನುಭವಿಸಿದ ಮೊದಲ ವಿದ್ಯಾರ್ಥಿ ಬಹುಶಃ ನಾನೇ.