ಒಂದಾದ ಮೇಲೆ ಮೂರು

ಇಂದ,
ತಮ್ಮ ಹೆಂಡತಿ
(ಸೇವಾವಧಿ: ಇಪ್ಪತ್ತೆರಡು ವರ್ಷ. ಬಡ್ತಿ: ಇಲ್ಲ)
ಅಡುಗೆಮನೆ ವಿಭಾಗ

ಗೆ,
ಮನೆಯ ಯಜಮಾನರು ಹಾಗೂ ಕಾರಿನ ಕೀಲಿಯ ಪಾಲಕರು
ಮುಂದಿನ ಕೋಣೆ, ಫ್ಯಾನಿನ ಕೆಳಗಿನ ಕುರ್ಚಿ

ವಿಷಯ: ನನ್ನ ಅಪ್ಪನ ಹಳೆಯ ಕಾರಿಗೆ ತಾವು ಮಾಡಿದ ಟ್ಯೂನಿಂಗನ್ನು ರದ್ದುಪಡಿಸುವ ಬಗ್ಗೆ.

ಉಲ್ಲೇಖ: 1) ಕಳೆದ ಭಾನುವಾರದ ತಮ್ಮ ಮೌಖಿಕ ಆದೇಶ: "ಎಂಜಿನ್ ಸತ್ತಿದೆ. ಮಾರೋದೇ."
2) ಅದರ ವಿರುದ್ಧ ನಾನು ಬಾಯಿ ತೆರೆದಾಗ ತಾವು ನೀಡಿದ ಸೂಚನೆ: "ಏನಿದ್ರೂ ಬರೆದು ಕೊಡು, ನೋಡೋಣ."

ಮಾನ್ಯರೇ,

ಮೇಲ್ಕಂಡ ಸೂಚನೆಯಂತೆ ಬರೆದು ಕೊಡುತ್ತಿದ್ದೇನೆ. ಹಾಲು ಒಡೆದರೂ ಲಿಖಿತವಾಗಿ ತಿಳಿಸಬೇಕೆಂಬುದು ಈ ಮನೆಯ ನಿಯಮ. ತಮ್ಮ ಕಚೇರಿಯಿಂದ ಮನೆಗೆ ಬಂದಿರುವುದು ಇದೊಂದೇ.

1. ಸದರಿ ಕಾರು ನನಗಿಂತ ನಾಲ್ಕು ವರ್ಷ ದೊಡ್ಡದು. ಮೆಕ್ಯಾನಿಕ್ ಆಗಿದ್ದ ಅಪ್ಪ ಗ್ಯಾರೇಜು ಮುಚ್ಚಿ ನನ್ನ ತಂಗಿಯ ಮನೆ ಸೇರುವಾಗ ಅದನ್ನು ನನಗೆ ಕೊಟ್ಟರು. "ಓಡಿಸ್ತಾ ಇರು, ಅಷ್ಟು ಸಾಕು" ಎಂದರು. ಈಗ ಅವರ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಯೂ ಹೆಚ್ಚು ದಿನ ಬಾರದೆಂದು ವೈದ್ಯರು ಹೇಳಿದ್ದಾರೆ. ಆದಕಾರಣ, ಅದು ಮುಚ್ಚುವುದರೊಳಗೆ ಆ ಎಂಜಿನ್ನಿನ ಸದ್ದನ್ನು ಇನ್ನೊಮ್ಮೆ ಕೇಳಬೇಕೆಂಬುದು ಅವರ ಆಸೆ. ಪ್ರತಿ ವಾರ ಫೋನಿನಲ್ಲಿ ಕೇಳುತ್ತಾರೆ: "ಗಾಡಿ ಹೇಗಿದೆಯಮ್ಮ?" ಮೂರು ವಾರದಿಂದ "ಚೆನ್ನಾಗಿದೆ" ಎಂದು ಕೂಗಿ ಹೇಳುತ್ತಿದ್ದೇನೆ. ಸುಳ್ಳನ್ನು ಕೂಗಿ ಹೇಳುವುದು ಬಹಳ ಕಷ್ಟ.

2. ಮೂರು ವಾರಗಳ ಹಿಂದೆ ಎಂಜಿನ್ ಸ್ವಲ್ಪ ತಡವರಿಸಿತು. ಸ್ಪಾರ್ಕ್ ಪ್ಲಗ್ ಉಜ್ಜಿ, ಅದಕ್ಕೆ ಕಿಡಿ ಕಳಿಸುವ ಪಾಯಿಂಟಿನ ಸಂದು ಸರಿಮಾಡಿದರೆ ಮುಗಿಯಿತು. ಒಂದು ಗಂಟೆಯ ಕೆಲಸ. ನಾನು ಮಾಡುತ್ತೇನೆಂದೆ. "ಇದೇನು ಮಿಕ್ಸಿ ಅಂದ್ಕೊಂಡ್ಯಾ?" ಎಂದಿರಿ. ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲೇ ಅಪ್ಪನ ಪಕ್ಕ ಕೂತು ಪ್ಲಗ್ ಉಜ್ಜುತ್ತಿದ್ದವಳು ನಾನು. ತಾವು ಹದಿನಾಲ್ಕು ನಿಮಿಷದ ವೀಡಿಯೊ ನೋಡಿ, ಅದರಲ್ಲೂ ನಡುವಿನ ಭಾಗ ಹಾರಿಸಿ, ಇಸ್ತ್ರಿ ಅಂಗಿಯಲ್ಲಿ ಶೆಡ್ಡಿಗೆ ಇಳಿದಿರಿ.

3. ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಬಿಚ್ಚಿ ಒಂದೊಂದಾಗಿ ಹಾಕಬೇಕು. ತಾವು ನಾಲ್ಕನ್ನೂ ಒಂದೇ ಸಲ ಕಿತ್ತಿರಿ. ಯಾವ ವೈರು ಎಲ್ಲಿ ಕೂರಬೇಕೆಂದು, ನಾಲ್ಕೂ ಬಂದು ಸೇರುವ ದುಂಡು ಮುಚ್ಚಳದ ಮೇಲೆ ಅಪ್ಪ ಬಣ್ಣದ ಚುಕ್ಕಿ ಇಟ್ಟಿದ್ದರು. ಅದನ್ನು ಕೊಳೆಯೆಂದು ಪೆಟ್ರೋಲ್ ಹಾಕಿ ಒರೆಸಿದಿರಿ. ಬಳಿಕ ಒಂದು, ಎರಡು, ಮೂರು, ನಾಲ್ಕು ಎಂದು ಸುತ್ತಲೂ ಸಾಲಾಗಿ ಜೋಡಿಸಿದಿರಿ. ಆಗ ಶೆಡ್ಡಿನ ಬಾಗಿಲಲ್ಲಿ ನಡೆದ ಮಾತುಕತೆ ಹೀಗಿದೆ:

"ಒಂದಾದ ಮೇಲೆ ಮೂರು ರೀ. ಆಮೇಲೆ ನಾಲ್ಕು. ಕೊನೇಲಿ ಎರಡು."

"ಎರಡು ಇರುವಾಗ ಮೂರು ಹೇಗೆ ಮುಂದೆ ಹೋಗುತ್ತೆ? ಸೀನಿಯಾರಿಟಿ ಅಂತ ಒಂದಿಲ್ವಾ?"

"ಎಂಜಿನ್ನಿಗೆ ಸೀನಿಯಾರಿಟಿ ಇಲ್ಲ."

"ಹಾಗಂತ ಎಲ್ಲಿ ಬರೆದಿದೆ, ತೋರಿಸು."

ಕಿಡಿ ಹಾರುವ ಆ ಕ್ರಮ ಎಂಜಿನ್ನಿನ ಮೈಮೇಲೆಯೇ ಬರೆದಿದೆ, ಉಬ್ಬು ಅಂಕಿಗಳಲ್ಲಿ. ಮೇಲಿನ ಗ್ರೀಸ್ ಒರೆಸಿದರೆ ಕಾಣುತ್ತದೆ. ತೋರಿಸಲು ಬಂದವಳನ್ನು ತಾವು ಒಳಗೆ ಬಿಡಲಿಲ್ಲ. ಒರೆಸಬಾರದ್ದನ್ನು ಒರೆಸಿದಿರಿ, ಒರೆಸಬೇಕಾದ್ದನ್ನು ಬಿಟ್ಟಿರಿ.

4. ಪರಿಣಾಮವಾಗಿ, ಕೀಲಿ ತಿರುಗಿಸಿದಾಗ ಕಾರ್ಬುರೇಟರ್ ಬೆಂಕಿ ಉಗುಳಿ ತಮ್ಮ ಎಡಹುಬ್ಬಿನ ಅರ್ಧವನ್ನು ತೆಗೆದುಕೊಂಡಿತು. ತಾವು ಧೃತಿಗೆಡದೆ ಅದರ ಸ್ಕ್ರೂವನ್ನು ಕೊನೆಯವರೆಗೂ ಬಿಗಿದಿರಿ. ಬಿಗಿ ಇದ್ದರೆ ಎಲ್ಲವೂ ಶಿಸ್ತಿಗೆ ಬರುತ್ತದೆಂಬುದು ತಮ್ಮ ಹಳೆಯ ನಂಬಿಕೆ. ಎರಡು ವಾರ ಇದೇ ನಡೆಯಿತು. ಆಮೇಲೆ ಎಂಜಿನ್ ಸತ್ತಿದೆಯೆಂದು ಘೋಷಿಸಿದಿರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

5. ಕಳೆದ ವರ್ಷ ಕಚೇರಿಯಲ್ಲಿ ಕಿರಿಯರೊಬ್ಬರು ತಮ್ಮನ್ನು ದಾಟಿ ಮೇಲಿನ ಕುರ್ಚಿಗೆ ಹೋದದ್ದು ನನಗೆ ಗೊತ್ತು. ಅಂದು ತಾವು ಊಟ ಮಾಡಲಿಲ್ಲ, ನಾನೂ ಮಾಡಲಿಲ್ಲ. ನನಗೆ ನಿಜವಾಗಿಯೂ ಸಂಕಟವಾಗಿತ್ತು. ಆದರೆ ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತೆ, ಅಲ್ಲಿ ಸಿಗದ ನ್ಯಾಯವನ್ನು ನನ್ನ ಅಪ್ಪನ ಎಂಜಿನ್ನಿನಲ್ಲಿ ಜಾರಿಗೆ ತರುವುದು ಯಾವ ನಿಯಮದಲ್ಲೂ ಇಲ್ಲ.

6. ತಾವು ಗೊತ್ತುಮಾಡಿರುವ ಪೀಠೋಪಕರಣ ಅಂಗಡಿಯವರು ಇಂದು, ಶನಿವಾರ, ಹತ್ತು ಗಂಟೆಗೆ ಕಾರು ಒಯ್ಯಲು ಬರುತ್ತಾರೆ. "ಎಂಜಿನ್ ತೆಗೆಸಿಬಿಡ್ತೀವಿ ಸಾರ್, ಆ ಜಾಗದಲ್ಲಿ ಹೂಕುಂಡ ಇಟ್ರೆ ಅಂಗಡಿ ಮುಂದೆ ಲಕ್ಷಣವಾಗಿರುತ್ತೆ" ಎಂದು ಅವರು ಹೇಳಿದಾಗ ತಾವು ತಲೆಯಾಡಿಸಿದಿರಿ. ಕಾಫಿ ಕೊಡುತ್ತಿದ್ದ ನಾನು ಕಪ್ಪನ್ನು ಮೇಜಿನ ಮೇಲೆ ಕುಕ್ಕಿದೆ. ತಾವು ಗಮನಿಸಿದ್ದು ಸಾಸರಿನಲ್ಲಿ ಚೆಲ್ಲಿದ ಕಾಫಿಯನ್ನು ಮಾತ್ರ.

7. ಆದ್ದರಿಂದ ಒಂದು ಗಂಟೆಯ ಮಟ್ಟಿಗೆ ಕೀಲಿ ಕೊಡಬೇಕೆಂದು ಕೋರುವುದು ಕ್ರಮವಾಗಿತ್ತು. ಆದರೆ ಸ್ನಾನದ ಮನೆಯ ನಲ್ಲಿ ಬದಲಿಸಲು ಹೋದ ವರ್ಷ ಸಲ್ಲಿಸಿದ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಆದಕಾರಣ, ನಿನ್ನೆ ಮಧ್ಯಾಹ್ನ ತಾವು ಕಚೇರಿಯಲ್ಲಿದ್ದಾಗ ಕೆಲಸ ಮುಗಿಸಿದ್ದೇನೆ. ಒಂದು ಕೀಲಿ ತಮ್ಮ ಡ್ರಾಯರಿನಲ್ಲಿ ಭದ್ರವಾಗಿದೆ. ಅಪ್ಪ ಕೊಟ್ಟ ಇನ್ನೊಂದು ನನ್ನ ಹೊಲಿಗೆ ಡಬ್ಬಿಯಲ್ಲಿತ್ತು. ತಾವು ಎಂದೂ ಒಂದು ಗುಂಡಿ ಹೊಲಿದವರಲ್ಲವಾದ್ದರಿಂದ ಅದೂ ಅಷ್ಟೇ ಭದ್ರವಾಗಿತ್ತು. ಪ್ಲಗ್ಗುಗಳನ್ನು ಬದಲಿಸಿ, ಪಾಯಿಂಟಿನ ಸಂದು ಅಳೆದು, ಬಿಗಿದ ಸ್ಕ್ರೂವನ್ನು ಒಂದೂವರೆ ಸುತ್ತು ಸಡಿಲಿಸಿ, ವೈರುಗಳನ್ನು ಒಂದು, ಮೂರು, ನಾಲ್ಕು, ಎರಡು ಎಂದು ಕೂರಿಸಿದೆ. ಐವತ್ತು ನಿಮಿಷ ಹಿಡಿಯಿತು. ಎರಡನೆಯ ಸಲಕ್ಕೆ ಎಂಜಿನ್ ಚಾಲೂ ಆಗಿ, ಗ್ಯಾರೇಜಿನಲ್ಲಿ ಕೇಳುತ್ತಿದ್ದ ಅದೇ ಸದ್ದಿನಲ್ಲಿ ಓಡತೊಡಗಿತು. ನಾನು ಶೆಡ್ಡಿನಲ್ಲೇ ಕೂತು ಅತ್ತುಬಿಟ್ಟೆ. ಅದಕ್ಕೂ ಪೂರ್ವಾನುಮತಿ ಪಡೆದಿರಲಿಲ್ಲ.

ಈ ಎಲ್ಲ ಕಾರಣಗಳಿಂದ, ಮೇಲ್ಕಂಡ ಕೆಲಸಕ್ಕೆ ಘಟನೋತ್ತರ ಮಂಜೂರಾತಿ ನೀಡಬೇಕೆಂದು ಕೋರುತ್ತೇನೆ. ವಾಕಿಂಗ್ ಮುಗಿಸಿ ಬಂದು ತಾವು ಇದನ್ನು ಓದುವ ವೇಳೆಗೆ ಶೆಡ್ಡಿನಲ್ಲಿ ಕಾರು ಇರುವುದಿಲ್ಲ, ಅಡುಗೆಮನೆ ವಿಭಾಗದಲ್ಲಿ ನಾನಿರುವುದಿಲ್ಲ. ತಂಗಿಯ ಮನೆ ಬಾಗಿಲಲ್ಲಿ ಬಾನೆಟ್ ಎತ್ತಿ, ಎಂಜಿನ್ ಚಾಲೂ ಇಟ್ಟು, ಅಪ್ಪನನ್ನು ಎಡಗಿವಿ ಎಂಜಿನ್ನಿನ ಕಡೆಗಿರುವಂತೆ ಕೂರಿಸುತ್ತೇನೆ. ಅವರು ಸಾಕು ಎನ್ನುವವರೆಗೆ ಆಫ್ ಮಾಡುವುದಿಲ್ಲ. ವಾಪಸಾಗುವ ದಿನಾಂಕವನ್ನು ತಮ್ಮ ನಿಯಮದಂತೆ ಲಿಖಿತವಾಗಿ ತಿಳಿಸಲಾಗುವುದು.

ಉಳಿದಿರುವ ವಿಶ್ವಾಸದ ಮಟ್ಟಿಗೆ ತಮ್ಮ ವಿಶ್ವಾಸಿ,
(ಸಹಿ)
ತಮ್ಮ ಹೆಂಡತಿ ಹಾಗೂ ಸದರಿ ಕಾರಿನ ಮೆಕ್ಯಾನಿಕ್

ಲಗತ್ತುಗಳು:
ಅ) ತಾವು ತೊಳೆದು ಒಣಗಿಸಿ ಕೂರಿಸಿದ್ದ ಹಳೆಯ ಪ್ಲಗ್ಗುಗಳು, ನಾಲ್ಕು. ಯಾವ ಕ್ರಮದಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು.
ಆ) ಪಾಯಿಂಟಿನ ಸಂದು ಅಳೆಯಲು ತಾವು ಬಳಸಿದ ತಮ್ಮ ವಿಸಿಟಿಂಗ್ ಕಾರ್ಡ್, ಗ್ರೀಸ್ ಸಹಿತ.

ವಿಶೇಷ ಸೂಚನೆ: ಹತ್ತು ಗಂಟೆಗೆ ಬರುವ ಅಂಗಡಿಯವರನ್ನು ಬರಿಗೈಯಲ್ಲಿ ಕಳಿಸುವುದು ಸರಿಯಲ್ಲ. ಅವರು ಕೇಳಿರುವುದು ಹಳೆಯದು, ನೋಡಲು ಗಂಭೀರವಾಗಿರುವಂಥದ್ದು, ನಿಲ್ಲಿಸಿದಲ್ಲಿಂದ ಕದಲದಂಥದ್ದು. ಆದ್ದರಿಂದ ತಾವು ಇಸ್ತ್ರಿ ಅಂಗಿ ಹಾಕಿಕೊಂಡು ಒಂಬತ್ತೂವರೆಗೇ ಗೇಟಿನ ಬಳಿ ಸಿದ್ಧವಾಗಿರಬೇಕಾಗಿ ಕೋರಿದೆ. ಹೂಕುಂಡವನ್ನು ಅವರೇ ತರುತ್ತಾರೆ.