ಕೊರಳಿಗೆ ಸೀಟಿ ಬಿದ್ದ ಮೇಲೆ

ನಾನು ಇಚಲಕರಂಜಿಯ ಬ್ಯಾಂಕೊಂದರಲ್ಲಿ ಗುಮಾಸ್ತ. ರಜೆ ಬಂತೆಂದರೆ ಓಟ, ಜಿಗಿತ, ಎಸೆತದ ಸ್ಪರ್ಧೆಗಳಿಗೆ ಬಿಟ್ಟಿ ಪಂಚನಾಗಿ, ಅಂದರೆ ತೀರ್ಪುಗಾರನಾಗಿ, ಸೀಟಿ ಊದಲು ಹೋಗುತ್ತೇನೆ. ಬಿಸಿಲು, ಬೈಗುಳ, ತಣ್ಣಗಾದ ವಡಾಪಾವ್, ಮೂರೂ ಪುಕ್ಕಟೆ. ಇನ್ನು ಹೋಗುವುದಿಲ್ಲ ಎಂದು ಪ್ರತಿ ಸಲ ಆಣೆ ಹಾಕುತ್ತೇನೆ, ಮತ್ತೆ ಹೋಗುತ್ತೇನೆ, ಹೋದಲ್ಲೆಲ್ಲ ಇಂಥದ್ದೊಂದು ಗಂಟುಬೀಳುತ್ತದೆ.

ಅಳತೆ

ನಮ್ಮ ಊರಲ್ಲೇ ಉದ್ದಜಿಗಿತ. ಹುಡುಗನೊಬ್ಬ ಚೆನ್ನಾಗಿಯೇ ಹಾರಿದ, ಆದರೆ ಮರಳಿನಲ್ಲಿ ಹಿಂದಕ್ಕೆ ಕುಕ್ಕರಿಸಿ ಬಿದ್ದ. ಕುಂಡಿ ತಾಗಿದಲ್ಲಿಗೇ ಟೇಪು ಹಿಡಿದೆ, ನಿಯಮವೇ ಹಾಗೆ. ಬಟ್ಟೆ ಅಂಗಡಿ ಇಟ್ಟಿರುವ ಅವನಪ್ಪ ಹಗ್ಗ ದಾಟಿ ಬಂದೇಬಿಟ್ಟರು.

"ಹಾರಿದ್ದು ಕಾಲ್ರಿ. ಕುಂಡಿ ಸುಮ್ಮ ಅದರ ಹಿಂದ ಬಂದೈತಿ. ಅದನ್ಯಾಕ ಅಳೀತೀರಿ?"

ನಿಯಮ ತಿಳಿಸಿ ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಗಿರಾಕಿ ಬಂದ್ರ ನಾವು ನಾಕ್ ಬಟ್ಟು ಹೆಚ್ಚಿಗೀನ ಬಿಟ್ಟು ಹರೀತೇವ್ರಿ. ನಿಮ್ಮಂಗ ಅಳತಿ ಮಾಡಿದ್ರ ಅಂಗಡಿಗೆ ಯಾವಾಗೋ ಬೀಗ ಬೀಳತಿತ್ತು!"

ನೆರಳು

ಕೊಲ್ಹಾಪುರದಲ್ಲಿ ಥಾಳಿ ಎಸೆತ, ಅಂದರೆ ಚಕ್ರ ಎಸೆತ. ಥಾಳಿ ಬಂದು ಬೀಳಬೇಕಾದ ಜಾಗಕ್ಕೇ ನೀರಿನ ಟಾಕಿಯ ನೆರಳು. ಮೊಮ್ಮಕ್ಕಳ ಆಟ ನೋಡಲು ನಮ್ಮ ಕಡೆಯಿಂದ ಬಂದ ಇಬ್ಬರು ಅಜ್ಜಂದಿರು ಅಲ್ಲೇ ಆರಾಮಾಗಿ ಕಾಲು ಚಾಚಿದ್ದರು. ಸೀಟಿ ಊದಿ ಊದಿ ನನ್ನ ಗಲ್ಲ ನೋಯಿತು. ಕೊನೆಗೆ ಓಡಿ ಹೋದೆ.

"ಏಳ್ರಿ ಅಜ್ಜಾರ, ಥಾಳಿ ತಲಿಗೆ ಬಡೀತೈತಿ!"

"ನೀವೇನ್ ಕಾಳಜಿ ಮಾಡಬ್ಯಾಡ್ರಿ," ಎಂದರು ಒಬ್ಬರು. "ಮುಂಜಾನಿಂದ ನೋಡಾಕತ್ತೇವಿ. ನಿಮ್ಮ ಹುಡುಗರದು ಇಲ್ಲೀತನ ಒಂದೂ ಬಂದಿಲ್ಲ."

ಭಂಡಾರ

ಗಡಹಿಂಗ್ಲಜದಲ್ಲಿ ಹುಡುಗಿಯರ ದೂರದ ಓಟ. ಮೊದಲು ಬಂದವಳಿಗೆ ಮಾತ್ರ ರಾಜ್ಯಮಟ್ಟಕ್ಕೆ ಹೋಗುವ ಅವಕಾಶ. ಮಹಾಗಾಂವ ಕಡೆಯ ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಎಲ್ಲರಿಗಿಂತ ಬಹಳ ಮುಂದಿದ್ದಳು. ಕೊನೆಯ ಸುತ್ತು ಉಳಿದಾಗ ಗಂಟೆ ಹೊಡೆಯುವುದು ಪದ್ಧತಿ, ಹೊಡೆದೆ.

ಓಟವೇ ಮುಗಿಯಿತೆಂದು ಅವಳ ಸೋದರಮಾವ ಊರವರನ್ನು ಕಟ್ಟಿಕೊಂಡು ಒಳಗೆ ನುಗ್ಗಿದ. ದೇವರ ಭಂಡಾರದ ಅರಿಸಿನಪುಡಿಯನ್ನು ಅವಳ ಮುಖದ ತುಂಬ ಎರಚಿ, ಹೆಗಲ ಮೇಲೆ ಹೊತ್ತುಕೊಂಡು ವೇದಿಕೆಯ ಕಡೆ ಹೊರಟೇಬಿಟ್ಟರು. ವೇದಿಕೆ ಇದ್ದದ್ದು ಓಟಕ್ಕೆ ಉಲ್ಟಾ ದಿಕ್ಕಿನಲ್ಲಿ.

"ಇಳಸೋ ಮಾವಾ, ಇನ್ನೊಂದ್ ಸುತ್ತ ಐತಿ!"

"ಮೆರವಣಿಗಿ ಸುತ್ತ ಆಮ್ಯಾಲ ಹಾಕೋಣವ್ವಾ!"

ನನ್ನ ಸೀಟಿ ಊರವರ ಹಲಗೆ ಬಡಿತದ ಸದ್ದಿನಲ್ಲಿ ಮುಳುಗಿತು. ಉಳಿದವರೆಲ್ಲ ದಾಟಿ ಮುಂದೆ ಹೋದರು. ನನಗೆ ಅಳು ಬರುವುದೊಂದೇ ಬಾಕಿ. ಹುಡುಗಿ ಮಾವನ ಕಿವಿ ಕಚ್ಚಿ ಕೆಳಗೆ ಹಾರಿದಳು. ಹಳದಿ ಕಣ್ಣು ಉಜ್ಜಿಕೊಳ್ಳುತ್ತ ಓಡಿ, ಒಬ್ಬೊಬ್ಬರನ್ನೇ ಹಿಂದೆ ಹಾಕಿ, ಕೂದಲೆಳೆಯ ಅಂತರದಲ್ಲಿ ಗೆದ್ದಳು.

ಕೂಡಲೇ ಎರಡನೆಯವಳ ತರಬೇತುದಾರರು ಓಡಿಬಂದರು. "ಸರ್, ತಿಲಾ ಉಚಲಲಂ! ಬಾದ ಕರಾ!" ಎತ್ತಿದ್ದಾರೆ, ಹೊರಗೆ ಹಾಕಿ ಎಂದು. ಹೊರಗಿನವರ ಸಹಾಯ ಪಡೆದರೆ ಗೆದ್ದದ್ದು ಲೆಕ್ಕಕ್ಕಿಲ್ಲ, ಅದೂ ನಿಯಮವೇ. ನಾನು ಮುಖ್ಯ ಪಂಚರನ್ನು ಕರೆದೆ.

ಮಾವ ಕಿವಿ ಹಿಡಿದುಕೊಂಡು ಬಂದ. "ಹೊತ್ತದ್ದು ಖರೇ ಸಾಹೇಬ್ರ. ಆದ್ರ ಹಿಂದಕ್ಕ ಹೊತ್ತೇವ್ರಿ!"

ಮುಖ್ಯ ಪಂಚರು ಹುಡುಗಿಯನ್ನೇ ಕೇಳಿದರು. "ಇವರಿಂದ ನಿನಗ ಏನರ ಸಹಾಯ ಆತೇನವ್ವಾ?"

ಅವಳು ಮಾವನನ್ನು ದುರುಗುಟ್ಟಿ ನೋಡಿದಳು. "ಇವರು ಸಹಾಯ ಮಾಡ್ಯಾರಂತ ಯಾರರ ಅಂದ್ರ, ಮೊದಲ ನಾನ ತಕರಾರ ಕೊಡತೇನ್ರಿ!"

ತರಬೇತುದಾರರೂ ನಕ್ಕುಬಿಟ್ಟರು. ಮುಖ್ಯ ಪಂಚರು ಅವಳೇ ಮೊದಲು ಎಂದು ಕೂಗಿದರು. ಮಾವ ಖುಷಿಗೆ ಮತ್ತೆ ಭಂಡಾರದ ಚೀಲಕ್ಕೆ ಕೈ ಹಾಕಿದ. ಅದನ್ನು ಕಂಡದ್ದೇ ಅವಳು ಕಿತ್ತ ಓಟಕ್ಕೆ ಗಡಿಯಾರ ಹಿಡಿದಿದ್ದರೆ, ರಾಜ್ಯಮಟ್ಟದ ದಾಖಲೆ ಅಲ್ಲೇ ಮುರಿದುಹೋಗುತ್ತಿತ್ತು.